ಅಮ್ಮ ಗೇಟು ತೆರೆದ ಸಂಜೆ

ಬೇಸಿಗೆಯ ಶನಿವಾರಗಳಂದು ಅಮೆರಿಕದ ವುಡ್‌ರಿಡ್ಜ್‌ನ ನಮ್ಮ ಪಕ್ಕದ ಮನೆಯವರು ಹಿತ್ತಲಿನ ಗ್ರಿಲ್‌ಗೆ ಇದ್ದಿಲು ಸುರಿದು ಬೆಂಕಿ ಹಚ್ಚುತ್ತಾರೆ. ಮಾಂಸ ಬೇಯುವ ವಾಸನೆಗೂ ಮುಂಚೆ, ಇದ್ದಿಲು ಅಂಚಿನಲ್ಲಷ್ಟೇ ಬೂದಿಗಟ್ಟುವಾಗ ಬರುವ ಒಂದು ಒಣ ವಾಸನೆಯಿದೆ. ಅದು ಮೂಗಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತೇನೆ. ನೈರೋಬಿಯಲ್ಲಿ ನಮ್ಮ ಬೀದಿಯ ಮನೆಗಳ ಮುಂದೆ ಸಂಜೆಯಾದರೆ ತಗಡಿನ ಒಲೆಗಳಲ್ಲಿ ಇದ್ದಿಲು ಹೊತ್ತಿಸುತ್ತಿದ್ದರು. ಆ ವಾಸನೆ ಬಂತೆಂದರೆ ಕತ್ತಲಾಗುತ್ತಿದೆ ಎಂದು ಅರ್ಥ. ಕತ್ತಲಾಗುತ್ತಿದೆ ಎಂದರೆ ಅಪ್ಪ ಮನೆಯೊಳಗಿರಬೇಕು.

ಅಪ್ಪ ಧಾರವಾಡದ ಕಡೆಯವರು, ಅಮ್ಮ ಮೈಸೂರಿನವರು. ಇಬ್ಬರೂ ಚರ್ಚಿನ ಮನೆತನಗಳಲ್ಲಿ ಬೆಳೆದವರು. ಪಕ್ಕದೂರು ಡೌನರ್ಸ್ ಗ್ರೋವ್‌ನಲ್ಲಿ ಅಪ್ಪ ಫಾರ್ಮಸಿಸ್ಟ್ ಆಗಿದ್ದರು, ಅಮ್ಮ ನರ್ಸ್. ತೊಂಬತ್ತರ ದಶಕದ ಕೊನೆಯಲ್ಲಿ, ನನಗೆ ಎಂಟು ವರ್ಷವಿದ್ದಾಗ, ನಮ್ಮ ಚರ್ಚಿನವರು ನೈರೋಬಿಯಲ್ಲಿ ನಡೆಸುತ್ತಿದ್ದ ಪುಟ್ಟ ದವಾಖಾನೆಗೆ ಇಬ್ಬರೂ ಮಿಷನರಿಗಳಾಗಿ ಹೊರಟರು. ಅಲ್ಲಿಯ ಜನ ಮೊದಲು ನಮ್ಮನ್ನು ನಂಬಲಿಲ್ಲ. ಅವರು ಕಂಡಿದ್ದ ಮಿಷನರಿಗಳೆಲ್ಲ ಬಿಳಿಯರು, ಅವರು ಕಂಡಿದ್ದ ಇಂಡಿಯದವರೆಲ್ಲ ಅಂಗಡಿಯವರು. "ನಿಮ್ಮ ಅಂಗಡಿ ಎಲ್ಲಿ?" ಎಂದು ಬಂದವರೆಲ್ಲ ಕೇಳುತ್ತಿದ್ದರು. ಅಪ್ಪ ನಗುತ್ತಾ ಮಾತ್ರೆ ಪೊಟ್ಟಣ ಕಟ್ಟಿಕೊಡುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೆಮ್ಮುವ ಮುದುಕರು, ಅಳುವ ಕೂಸುಗಳು. ಭಾನುವಾರ ತಗಡಿನ ಚಾವಣಿಯ ಚರ್ಚಿನಲ್ಲಿ ದೀರ್ಘ ಆರಾಧನೆ. ಅಪ್ಪ ತಮ್ಮ ಹರುಕುಮುರುಕು ಸ್ವಾಹಿಲಿಯಲ್ಲಿ ಪ್ರಸಂಗ ಮಾಡಿದರೆ ಹಿಂದಿನ ಸಾಲಿನ ಹೆಂಗಸರು ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಆದರೆ ಮನೆ ಎಂದರೆ ನನಗೆ ಮೊದಲು ನೆನಪಾಗುವುದು ಕಬ್ಬಿಣ. ಕಾಂಪೌಂಡಿನ ಮೇಲೆ ಗಾಜಿನ ಚೂರು, ಬೀದಿಗೆ ಆಳೆತ್ತರದ ಗೇಟು. ಅದು ಸಾಲದೆಂಬಂತೆ ಹಾಲ್‌ಗೂ ಮಲಗುವ ಕೋಣೆಗಳಿಗೂ ನಡುವೆ ಇನ್ನೊಂದು ಸರಳಿನ ಬಾಗಿಲು. ಕಳ್ಳರು ಹಾಲ್‌ನೊಳಗೆ ಬಂದರೂ ನಮ್ಮವರೆಗೆ ಬರಬಾರದು ಎಂದು. ಆ ಊರಿನಲ್ಲಿ ಆಗ ಕಾರುಗಳನ್ನು ಅಡ್ಡಗಟ್ಟಿ ಕಸಿಯುವುದು ದಿನದ ಮಾತಾಗಿತ್ತು. ಸಂಜೆಯಾದರೆ ಅಮ್ಮ ಬೀಗಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಿದ್ದಳು. ಊಟಕ್ಕೆ ಕೂತಮೇಲೂ "ಗೇಟ್ ಹಾಕಿದೀರ ಅಲ್ವಾ?" ಎಂದು ಕೇಳುತ್ತಿದ್ದಳು. "ಹಾಕೇನಿ. ಸುಮ್ನ ಉಣ್ಣು," ಎನ್ನುತ್ತಿದ್ದರು ಅಪ್ಪ. ಬೀದಿಯಲ್ಲಿ ಯಾವುದಾದರೂ ಗಾಡಿ ನಿಂತರೆ ಅಮ್ಮನ ತುತ್ತು ಅಲ್ಲೇ ನಿಲ್ಲುತ್ತಿತ್ತು. ಅವಳನ್ನು ನೋಡಿ ನನ್ನದೂ. ಅಪ್ಪ ಮಾತ್ರ ಸಾರು ಹಾಕಿಸಿಕೊಳ್ಳುತ್ತಿದ್ದರು.

ಒಂದು ದಿನ ಅಪ್ಪ ಔಷಧಿ ತರಲು ದವಾಖಾನೆಯ ವ್ಯಾನ್ ತೆಗೆದುಕೊಂಡು ಪೇಟೆಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಅಮ್ಮ ಔಷಧಿಯ ಗೋದಾಮಿಗೆ ಫೋನ್ ಮಾಡಿದಳು. ಅಪ್ಪ ಬೆಳಿಗ್ಗೆಯೇ ಹೊರಟರು ಎಂದರು. ಠಾಣೆಗೆ ಮಾಡಿದಳು, ಕಾಯಿರಿ ಎಂದರು. ಆಮೇಲೆ ಬೀದಿಯ ಕೊನೆಯ ಮನೆಯಾತ ಬಂದು, ನಮ್ಮ ವ್ಯಾನ್ ಹೆದ್ದಾರಿಯಲ್ಲಿ ಕಂಡಿತೆಂದೂ, ಓಡಿಸುತ್ತಿದ್ದವನು ಅಪ್ಪನಲ್ಲವೆಂದೂ ಗೇಟಿನಾಚೆ ನಿಂತೇ ಹೇಳಿ ಹೋದ. ಅಮ್ಮ ನನ್ನನ್ನು ಸರಳಿನ ಬಾಗಿಲಿನ ಒಳಗೆ ಕೂರಿಸಿ ಬೀಗ ಹಾಕಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಲ್‌ನಲ್ಲಿ ನಿಂತಳು. ನಾನು ಸರಳುಗಳ ನಡುವಿನಿಂದ ಅವಳ ಬೆನ್ನನ್ನು ನೋಡುತ್ತಾ ಕೂತೆ. ಅತ್ತರೆ ಅಪ್ಪನಿಗೆ ನಿಜವಾಗಿಯೂ ಏನಾದರೂ ಆಗಿಬಿಡುತ್ತದೆ ಎಂದುಕೊಂಡು ತುಟಿ ಕಚ್ಚಿಕೊಂಡಿದ್ದೆ.

ಬಿಸಿಲು ಇಳಿಯುವ ಹೊತ್ತಿಗೆ ಯಾರೋ ಗೇಟು ಬಡಿದರು. ಅಮ್ಮ ಅಲುಗಲಿಲ್ಲ. "ಸಿಸ್ಟರ್, ನಾನು ವಾಂಜಿರು," ಎಂಬ ದನಿ ಕೇಳಿತು. ವಾಂಜಿರು ದವಾಖಾನೆಯಲ್ಲಿ ಹೆರಿಗೆ ನೋಡಿಕೊಳ್ಳುತ್ತಿದ್ದ ನರ್ಸ್, ದೊಡ್ಡ ಮೈಯ, ನಿಧಾನ ಮಾತಿನ ಹೆಂಗಸು. ಅಮ್ಮ ಕಿಟಕಿಯಿಂದ ಇಣುಕಿದಾಗ ಅವರ ಹಿಂದೆ ಬೀದಿಯ ಹೆಂಗಸರೆಲ್ಲ ಇದ್ದರು. ಕೆಲವರು ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದರು. ಅನೇಕರ ಹೆಸರೂ ಅಮ್ಮನಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆಯಲೇಬಾರದ ಹೊತ್ತು ಅದು. ಆದರೂ ಅಮ್ಮ ಹೊರಗೆ ಹೋಗಿ ಗೇಟಿನ ಎರಡೂ ಕದಗಳನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಕಲ್ಲು ಕೊಟ್ಟಳು. ಒಳಗೆ ಬಂದು ನನ್ನ ಬೀಗವನ್ನೂ ತೆಗೆದಳು.

ಅವರು ನೆಲದ ಮೇಲೆ ಕೂತರು. "ಪೋಲೆ, ಸಿಸ್ಟರ್," ಎಂದು ಒಬ್ಬೊಬ್ಬರೂ ಅಮ್ಮನ ಕೈ ಹಿಡಿದು ಹೇಳಿದರು. ನಿಮ್ಮ ಸಂಕಟದಲ್ಲಿ ನಾವಿದ್ದೇವೆ ಎಂಬಂಥ ಮಾತು ಅದು. ಯಾರೂ ಸಮಾಧಾನ ಹೇಳಲಿಲ್ಲ, ಬಂದೇ ಬರುತ್ತಾರೆ ಎನ್ನಲಿಲ್ಲ. ವಾಂಜಿರು ಚರ್ಚಿನ ಹಾಡೊಂದನ್ನು ಎತ್ತಿಕೊಂಡರು, ಉಳಿದವರು ಸೇರಿಕೊಂಡರು. ಯಾರದೋ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ನನ್ನ ಹೆದರಿಕೆ ಹೋಗಲಿಲ್ಲ, ಆದರೆ ಆ ಬೆಚ್ಚಗಿನ ಭಾರ ನನ್ನನ್ನು ಕೂತಲ್ಲೇ ಹಿಡಿದಿಟ್ಟಿತು.

ಅಪ್ಪ ನಡೆದುಕೊಂಡು ಬಂದರು. ಕಾಲಲ್ಲಿ ಶೂ ಇರಲಿಲ್ಲ, ಕೈಯಲ್ಲಿ ಗಡಿಯಾರ ಇರಲಿಲ್ಲ, ಅಂಗಿಯ ಒಂದು ತೋಳು ಹರಿದಿತ್ತು. ವ್ಯಾನ್ ಕಸಿದವರು ತಲೆಗೆ ಗೋಣಿಚೀಲ ಹಾಕಿ, ಅದರ ಹಿಂಭಾಗದಲ್ಲಿ ಮಲಗಿಸಿ ಎಲ್ಲೆಲ್ಲೋ ಸುತ್ತಿಸಿ, ಊರಾಚೆಯ ಕಾಫಿ ತೋಟವೊಂದರ ಬಳಿ ಅವರನ್ನು ಬಿಟ್ಟುಹೋಗಿದ್ದರು. ಅಪ್ಪನನ್ನು ಕಂಡು ಹಾಡು ನಿಂತಿತು. ಅಪ್ಪ ಗೋಡೆ ಹಿಡಿದು ನಿಂತು, "ಸುಗುಣಾ, ಹಾಡು ನಿಲ್ಲಸಬ್ಯಾಡ್ರಿ ಅಂತ ಹೇಳು. ತಿರುವಿನಿಂದನ ಕೇಳಸ್ತಿತ್ತು," ಎಂದು ಅಮ್ಮನಿಗೆ ಹೇಳಿದರು. ಅಮ್ಮ ಬಿಸಿನೀರು ತಂದು, ಅವರ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮುಳ್ಳು ತೆಗೆಯತೊಡಗಿದಳು. ಹಾಡು ಮತ್ತೆ ಶುರುವಾಯಿತು.

ಆ ಸಂಜೆಯಿಂದ ಅಮ್ಮನ ಹೆದರಿಕೆ ಅಪ್ಪನಿಗೆ ದಾಟಿತು. ಅಮ್ಮ ಬೀಗ ಜಗ್ಗುವುದನ್ನು ಬಿಟ್ಟಳು. ಅಪ್ಪ ಮರುದಿನವೇ ದವಾಖಾನೆಗೆ ಹೋದರಾದರೂ, ಹೊರಗೆ ಗಾಡಿಯೊಂದು ನಿಂತರೆ ಮಾತ್ರೆ ಎಣಿಸುವ ಅವರ ಬೆರಳು ನಿಲ್ಲುತ್ತಿತ್ತು. "ವಾಪಸ್ ಹೋಗೋಣ್ವಾ?" ಎಂದು ಅಮ್ಮ ಕೇಳಿದಳು. "ಅವರೆಲ್ಲಾ ಬಂದು ಕೂತ ಮನಿ ಇದು. ಹೆಂಗ ಬಿಟ್ಟು ಹೋಗೂದು?" ಎಂದರು ಅಪ್ಪ. ಒಪ್ಪಿಕೊಂಡ ಅವಧಿ ಮುಗಿಯುವವರೆಗೂ ಹೆದರುತ್ತಲೇ ಅಲ್ಲಿದ್ದರು.

ವುಡ್‌ರಿಡ್ಜ್‌ಗೆ ಮರಳಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಅಪ್ಪನನ್ನು ಮಾತಾಡಲು ಕರೆದರು. ಅಪ್ಪ ಸ್ಲೈಡುಗಳನ್ನು ತೋರಿಸಿದರು, ದವಾಖಾನೆಯ ಬಗ್ಗೆ ಹೇಳಿದರು. ಸೌತ್‌ಫೀಲ್ಡ್‌ನಿಂದ ಬಂದಿದ್ದ ಒಬ್ಬ ಆಂಟಿ, "ಅಲ್ಲಿ ಭಯ ಆಗ್ಲಿಲ್ವಾ ನಿಮಗೆ?" ಎಂದು ಕೇಳಿದರು. ದೇವರು ಕಾಪಾಡಿದ ಎಂಬ ಉತ್ತರಕ್ಕಾಗಿ ಎಲ್ಲರೂ ಕಾಯುತ್ತಿದ್ದರು. ಅಪ್ಪ, "ಆಗಿತ್ರೀ. ಈಗೂ ಆಗ್ತದ," ಎಂದು ಕೂತುಬಿಟ್ಟರು. ಅಮ್ಮ ಅವರ ಬೆನ್ನ ಮೇಲೆ ಕೈಯಿಟ್ಟಳು.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ವಾಂಜಿರು ಅವರಿಗೆ ತಿಳಿಸಬೇಕೆನಿಸಿ ನೈರೋಬಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಮಗಳು. ತನ್ನ ಅಮ್ಮ ಹೋದ ವರ್ಷವೇ ತೀರಿಕೊಂಡಳು ಎಂದಳು. ನಾವಿದ್ದ ಮನೆಯನ್ನೂ ಕೆಡವಿ ಈಗ ಅಲ್ಲಿ ಫ್ಲ್ಯಾಟ್ ಕಟ್ಟಿದ್ದಾರಂತೆ. ನಾನು ಅಪ್ಪನ ಸುದ್ದಿ ಹೇಳಿದೆ. ನಾವಿಬ್ಬರೂ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದವರೂ ಅಲ್ಲ. ಆದರೂ ಇಬ್ಬರೂ ಫೋನ್ ಇಡಲಿಲ್ಲ. ಅವಳ ಕಡೆ ಯಾವುದೋ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನನ್ನ ಕಡೆ, ಕಿಟಕಿಯಾಚೆ, ಹಿಮ ಬೀಳುತ್ತಿತ್ತು.