ತೂಕ ಇಳಿಸಿದ ಲೋಕಣ್ಣ

ನಮ್ಮ ಲೋಕಣ್ಣ ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಕಡುಬು ಬಡಿಸುವವರು ಪಾತ್ರೆಯನ್ನೇ ಅವನ ಪಕ್ಕದಲ್ಲಿಟ್ಟು ಮುಂದೆ ಹೋಗಿಬಿಡುತ್ತಿದ್ದರು. ಸುಮ್ಮನೆ ಹೋಗಿ ಹೋಗಿ ಬರುವ ಕಷ್ಟ ಯಾಕೆ ಅಂತ. ಅವನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅಕ್ಕಪಕ್ಕದವರ ಎಲೆಗೆ ಒಂದೆರಡು ಹಾಕಿ, ಉಳಿದದ್ದಕ್ಕೆ ಕೋಳಿ ಸಾರು ಸುರಿದುಕೊಂಡು, "ನೀವು ತಿನ್ನೋದು ನೋಡಿದ್ರೆ ನಂಗೆ ಸಂಕಟ ಆಗುತ್ತೆ ಮಾರಾಯ್ರೆ, ಊಟ ಮಾಡ್ತಿದೀರೋ ರುಚಿ ನೋಡ್ತಿದೀರೋ?" ಎಂದು ಅವರನ್ನೇ ಗದರಿಸುತ್ತಿದ್ದ.

ವಸ್ತಾರೆಯಿಂದ ಸ್ವಲ್ಪ ಒಳಗೆ ಅವನದೊಂದು ಸಣ್ಣ ಕಾಫಿ ತೋಟ. ಆಳು ಎತ್ತರ, ಅದಕ್ಕೆ ತಕ್ಕ ಅಗಲ. ಅವನ ಸ್ಕೂಟರಿನ ಹಿಂದೆ ಶಾರದತ್ತಿಗೆ ಕೂತದ್ದನ್ನು ನಾನಂತೂ ನೋಡಿಲ್ಲ. ಅಲ್ಲಿ ಜಾಗ ಉಳಿದಿದ್ದರೆ ತಾನೆ! ಯಾರಾದರೂ ಹೊಟ್ಟೆಯ ಸುದ್ದಿ ಎತ್ತಿದರೆ ಅದನ್ನು ಸವರಿಕೊಂಡು, "ಇದು ಕೊಬ್ಬಲ್ಲ ಕಣ್ರೀ, ಈ ಊರಿನೋರ ಪ್ರೀತಿ. ಅವ್ರು ಹಾಕಿದ್ದು, ನಾನು ಇಟ್ಕೊಂಡಿದೀನಿ ಅಷ್ಟೆ" ಎನ್ನುವನು. ನಾವೆಲ್ಲ ನಗುತ್ತಿದ್ದೆವು. ನಾನು ಅವನ ಒಬ್ಬಳೇ ತಂಗಿ, ಚಿಕ್ಕಮಗಳೂರಿನಲ್ಲಿ ಮೇಷ್ಟ್ರು ಕೆಲಸ ಮಾಡುವವಳು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಆ ನಗು ನಿಂತದ್ದು ನನ್ನ ಕಿಡ್ನಿ ಕೈಕೊಟ್ಟಾಗ. ಡಯಾಲಿಸಿಸ್ ಶುರುವಾಯಿತು. ಬೇರೆ ಕಿಡ್ನಿ ಹಾಕಿಸಿದರೆ ಒಳ್ಳೆಯದು ಎಂದರು ಮಂಗಳೂರಿನ ಡಾಕ್ಟರಮ್ಮ. ನನ್ನ ಯಜಮಾನರದು ಹೊಂದಲಿಲ್ಲ, ಅಮ್ಮನಿಗೆ ಸಕ್ಕರೆ ಕಾಯಿಲೆ. ಅಣ್ಣನದು ಎಲ್ಲ ರೀತಿಯಲ್ಲೂ ಹೊಂದಿತು. "ಆದರೆ ಈ ತೂಕದಲ್ಲಿ ಇವರನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸಲ್ಲ. ಇಳಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದುಬಿಟ್ಟರು. ನನ್ನ ಜೀವ ಹೋಗಿ ಹೋಗಿ ನಮ್ಮಣ್ಣನ ಹೊಟ್ಟೆಗೆ ಸಿಕ್ಕಿಹಾಕಿಕೊಂಡಿತಲ್ಲಪ್ಪ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವನಿಗೆ ಮಾತ್ರ ಧೈರ್ಯವೋ ಧೈರ್ಯ. "ಇದೇನು ಮಹಾ! ನಾಳೆಯಿಂದ ವಾಕಿಂಗು" ಎಂದ.

ಹೇಳಿದ ಹಾಗೆ ಮರುದಿನವೇ ಬಿಳಿ ಕ್ಯಾನ್ವಾಸ್ ಬೂಟು ಹಾಕಿ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಹೊರಟ. ಆದರೆ ನಮ್ಮ ಕಡೆ ತೋಟದವರು ಬರಿದೇ ನಡೆಯುವುದುಂಟೇ? ಸ್ವಲ್ಪ ದೂರ ಹೋಗುವಷ್ಟರಲ್ಲಿ ಜೀಪೊಂದು ಪಕ್ಕಕ್ಕೆ ಬಂದು ನಿಲ್ಲುವುದು. "ಯಾಕಣ್ಣ, ಸ್ಕೂಟರ್ ಕೆಡ್ತಾ? ಹತ್ತಿ ಹತ್ತಿ." ಬೇಡವೆಂದರೆ ಅವರಿಗೆ ಬೇಸರ. ಹತ್ತುವನು. ಇಳಿದ ಕಡೆ ಯಾವುದಾದರೂ ಮನೆಯ ಅಂಗಳ ಇದ್ದೇ ಇರುತ್ತದೆ. ಅಂಗಳದ ಮುಂದೆ ಹಾದವರನ್ನು ಕಾಫಿ ಕೊಡದೆ ಕಳಿಸಿದರೆ ಮನೆಯವರ ಮರ್ಯಾದೆ ಏನಾಗಬೇಕು? ಅದರಲ್ಲೂ ತಿರುವಿನ ಮನೆಯ ರತ್ನಕ್ಕನ ಒಲೆ ಮೇಲೆ ಬೆಳಗಾದರೆ ಕಡುಬಿನ ಹಬೆ ಏಳುತ್ತಿತ್ತು. ಡಾಕ್ಟರು ಬೇಡವೆಂದಿದ್ದಾರೆ ಎಂದು ಅಣ್ಣ ವಿಷಯ ಬಿಡಿಸಿ ಹೇಳಿದ್ದೇ ತಪ್ಪಾಯಿತು. ರತ್ನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ನಮ್ಮಪ್ಪ! ಮೈಯಿಂದ ಕಿಡ್ನಿ ತೆಗೆದು ಕೊಡೋರು ನೀವು, ಶಕ್ತಿ ಬೇಡ್ವಾ? ಇನ್ನೆರಡು ಹಾಕ್ಕೊಳಿ, ತುಪ್ಪ ತರ್ತೀನಿ ತಡೀರಿ" ಎಂದರಂತೆ. ಸುದ್ದಿ ಹರಡಿತು. ಒಂದು ಮನೆಯಲ್ಲಿ ಮೊಟ್ಟೆ, ಇನ್ನೊಂದು ಮನೆಯಲ್ಲಿ ಅಕ್ಕಿರೊಟ್ಟಿ, ಬೆಣ್ಣೆ. ಇಡೀ ರಸ್ತೆ ನನ್ನಣ್ಣನನ್ನು ಆಪರೇಷನ್ನಿಗೆ ಗಟ್ಟಿ ಮಾಡಲು ಟೊಂಕ ಕಟ್ಟಿ ನಿಂತಿತು.

ಮುಂದಿನ ಸಲ ಮಂಗಳೂರಿನಲ್ಲಿ ತೂಕ ನೋಡಿದರೆ ಮೊದಲಿಗಿಂತ ಜಾಸ್ತಿ!

ನನಗೆ ಎಲ್ಲಿತ್ತೋ ಸಿಟ್ಟು. ಆಸ್ಪತ್ರೆಯ ವರಾಂಡದಲ್ಲೇ, "ನೀನು ಕಡುಬು ತಿಂತಾ ಇರು, ನಾನು ಸಾಯ್ತೀನಿ!" ಎಂದು ಕೂಗಿದೆ. ಅಣ್ಣ ತಲೆ ತಗ್ಗಿಸಿ, "ನಾನು ದಿನಾ ನಡೆದೆ ಕಣೇ" ಎಂದ, ಅಷ್ಟೇ. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕೂರಿಸಿ ಹೇಳಿದರು: "ನೋಡಿ, ಬೆಳಗಿಡೀ ನಡೆದು ಕರಗಿಸಿದ್ದನ್ನ ಒಂದು ತಟ್ಟೆ ವಾಪಸ್ ಕೊಡುತ್ತೆ. ತೂಕ ಇಳಿಯೋದು ಮುಖ್ಯವಾಗಿ ಊಟದಿಂದ. ಹಾಗಂತ ನಡಿಗೆ ಬಿಡಬೇಡಿ, ಇಳಿದದ್ದು ಮತ್ತೆ ಏರಬಾರದು ಅಂದ್ರೆ ಅದೂ ಬೇಕು."

ಅಣ್ಣ ಊರಿಗೆ ಬಂದವನೇ ಊಟವನ್ನೇ ಬಿಟ್ಟು ಕೂತ. ಸಂಜೆಯ ಹೊತ್ತಿಗೆ ಹೊಟ್ಟೆ ತಾಳಲಾರದೆ ಹಲಸಿನ ಹಣ್ಣೊಂದನ್ನು ಮುಕ್ಕಾಲು ಮುಗಿಸಿದ. ಆಗ ಶಾರದತ್ತಿಗೆ ಅಡುಗೆಮನೆಯ ಆಡಳಿತ ಕೈಗೆತ್ತಿಕೊಂಡರು. ಉಪವಾಸವಿಲ್ಲ, ಮೊದಲು ತಟ್ಟೆ ತುಂಬ ಸೊಪ್ಪು, ತರಕಾರಿ, ಮೊಳಕೆ ಹುರುಳಿ, ಆಮೇಲೆ ಒಂದು ರೊಟ್ಟಿ. ಕೋಳಿ ಉಂಟು, ಅದರ ಮೇಲೆ ತೇಲುವ ಎಣ್ಣೆಯಿಲ್ಲ. "ಇದು ದನದ ಮೇವು" ಎಂದು ಗೊಣಗುತ್ತಲೇ ಅಣ್ಣ ತಿಂದ.

ಮನೆಯೊಳಗಿನದು ಸರಿಹೋಯಿತು, ರಸ್ತೆಯದು? ಡಾಕ್ಟರ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಒಂದು ಬೆಳಿಗ್ಗೆ ರತ್ನಕ್ಕ ತಟ್ಟೆ ಹಿಡಿದು ಅಂಗಳಕ್ಕೇ ಬಂದಾಗ ದಿಕ್ಕು ತೋಚದೆ ಅವನ ಬಾಯಿಂದ, "ಬೇಡಿ ರತ್ನಕ್ಕ, ಹರಕೆ ಹೊತ್ತಿದೀನಿ. ತಂಗಿ ಆಪರೇಷನ್ ಆಗೋವರ್ಗೂ ಹೊರಗೆ ಏನೂ ಮುಟ್ಟಲ್ಲ" ಎಂದು ಬಂದುಬಿಟ್ಟಿತು. ರತ್ನಕ್ಕ ತಟ್ಟೆಯನ್ನು ಹಿಂದಕ್ಕೆ ತೆಗೆದು, "ತಪ್ಪಾಯ್ತು, ದೇವ್ರ ಕೆಲಸ, ಮೊದ್ಲೇ ಹೇಳ್ಬಾರ್ದಾ" ಎಂದು ಕೆನ್ನೆ ಬಡಿದುಕೊಂಡರಂತೆ. ಅಣ್ಣನಿಗೆ ಮೈಯೆಲ್ಲ ಬೆವರು. ಹೊರದ ಹರಕೆಯನ್ನು ಹೊತ್ತೆ ಎಂದನಲ್ಲ! ಬೂಟು ಕೈಯಲ್ಲಿ ಹಿಡಿದು ನೇರ ಊರ ದೇವಸ್ಥಾನಕ್ಕೆ ಓಡಿ, ಅಡ್ಡಬಿದ್ದು, ನಿಜವಾಗಿಯೇ ಹರಕೆ ಹೊತ್ತು ಬಂದ. "ಸುಳ್ಳು ನಂದು ಸ್ವಾಮಿ, ಆ ಹುಡ್ಗಿ ಮೇಲೆ ಹಾಕ್ಬೇಡ ಅಂತ ಕೇಳ್ಕೊಂಡೆ" ಎಂದು ಫೋನಿನಲ್ಲಿ ಹೇಳಿದ. ನನಗೆ ನಗುವೂ ಬಂತು, ಅಳುವೂ ಬಂತು.

ಅಲ್ಲಿಂದ ಅದೇ ರಸ್ತೆ ಕಾವಲಿಗೆ ನಿಂತಿತು. ಅವನು ಬರುವುದು ಕಂಡರೆ ರತ್ನಕ್ಕ ಕಡುಬಿನ ಪಾತ್ರೆಗೆ ಮುಚ್ಚಳ ಹಾಕುವರು. ಜೀಪಿನವರು ಹಾರ್ನ್ ಹೊಡೆದು, "ನಡೀರಿ ನಡೀರಿ" ಎಂದು ಹುರಿದುಂಬಿಸಿ ಹೋಗುವರು. ಅಣ್ಣನ ಪ್ಯಾಂಟು ಸಡಿಲವಾಯಿತು, ಆಮೇಲೆ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಕೊನೆಯ ತಪಾಸಣೆಯ ದಿನ ವಾಚು, ಬೆಲ್ಟು, ಪರ್ಸು, ಕರ್ಚೀಫು ಎಲ್ಲ ನನ್ನ ಮಡಿಲಿಗೆ ಹಾಕಿ, ಉಸಿರು ಬಿಗಿಹಿಡಿದು ತೂಕದ ಯಂತ್ರ ಹತ್ತಿದ. ಡಾಕ್ಟರಮ್ಮ ನಕ್ಕು, "ಉಸಿರು ಬಿಡಿ ಗೌಡ್ರೆ, ಪಾಸಾಗಿದೀರಿ" ಎಂದರು.

ಆಪರೇಷನ್ ಆದ ಮೇಲೆ ಗಾಲಿಕುರ್ಚಿಯಲ್ಲಿ ಕೂತು ನನ್ನ ಬಾಗಿಲಿಗೆ ಬಂದ. "ಹೆಂಗಿದೆ ನಂದು? ನನ್ನ ಹತ್ರ ಕೂತು ಕೂತು ಸೋಮಾರಿ ಆಗಿರುತ್ತೆ. ಸ್ವಲ್ಪ ಗದರಿಸಿ ಕೆಲಸ ತಗೋ." ನಗಬೇಡವೆಂದು ನರ್ಸ್ ಗದರಿದರು, ಹೊಲಿಗೆ ಹಿಡಿದುಕೊಂಡು ಇಬ್ಬರೂ ನಕ್ಕೆವು.

ಅವನು ಆಮೇಲೂ ನಡಿಗೆ ಬಿಡಲಿಲ್ಲ. ರತ್ನಕ್ಕನ ಮನೆಯಲ್ಲಿ ವಾರಕ್ಕೊಂದು ದಿನ ಕಡುಬಿಗೆ ಅತ್ತಿಗೆಯೇ ಅಪ್ಪಣೆ ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಮೊದಲು, ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುತ್ತಿದ್ದಾಗ ದೊಡ್ಡ ಕೊಂಬೆಯೊಂದು ಎಣಿಸದ ಕಡೆಗೆ ಬಿತ್ತು. ನಾನು ಹೋಗಿ ತಲುಪುವಷ್ಟರಲ್ಲಿ ಅಣ್ಣ ಇರಲಿಲ್ಲ. ಅವನ ಮೇಲೆ ನನಗೆ ಈಗಲೂ ಸಿಟ್ಟಿದೆ. ಮರದ ಕೆಳಗೆ ಯಾಕೆ ನಿಂತೆಯೋ ಎಂದು ಒಬ್ಬಳೇ ಬೈಯುತ್ತೇನೆ.

ತಪಾಸಣೆಗೆ ನಾನು ಈಗಲೂ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ. ರಿಪೋರ್ಟ್ ಕೈಗೆ ಬಂದ ಕೂಡಲೇ ಶಾರದತ್ತಿಗೆಯ ಫೋನು ಬರುತ್ತದೆ. ಅವರು ಕೇಳುವುದು ನನ್ನ ಬಗ್ಗೆ ಅಲ್ಲ.

"ಹೆಂಗಿದಾರಂತೆ ನಿಮ್ಮಣ್ಣ?"

"ಚೆನ್ನಾಗಿದಾನಂತೆ ಅತ್ತಿಗೆ" ಎನ್ನುತ್ತೇನೆ.