ಪಿಸು ಅಕ್ಕನ ಹಲಗೆ

ನಮ್ಮ ವಿಶ್ವವಿದ್ಯಾಲಯದಲ್ಲಿ ನಾಟಕ ಆಡಲು ಮೂರು ಜಾಗಗಳಿವೆ. ಮರಗಳ ನಡುವಿನ ಬಯಲು ರಂಗದಲ್ಲಿ ನಟರಿಗಿಂತ ಕಾಗೆಗಳಿಗೇ ಮಾತು ಹೆಚ್ಚು. ಹೊಸ ಸಭಾಂಗಣಕ್ಕೆ ಅರ್ಧ ಜನ ಎ.ಸಿ.ಯ ತಂಪಿಗೆಂದು ಬರುತ್ತಾರೆ, ಅದೇ ತಂಪಿಗೆ ನಿದ್ದೆ ಹೋಗುತ್ತಾರೆ. ಮೂರನೆಯದು ಹಳೇ ಹಾಲ್. ನೂರಾ ನಲವತ್ತು ವರ್ಷದ ಕಟ್ಟಡ; ಇವತ್ತಿಗೂ ಮೈಕನ್ನು ಹತ್ತಿರ ಸೇರಿಸಿಲ್ಲ. ಕಟ್ಟಿದವರು ಯಾವ ಲೆಕ್ಕ ಹಾಕಿದರೋ, ಆ ಗುಮ್ಮಟದ ಕೆಳಗೆ ವೇದಿಕೆಯ ಮೇಲೆ ಆಡಿದ ಉಸಿರಿನಷ್ಟು ಮಾತೂ ಬಾಲ್ಕನಿಯ ಕೊನೆಯ ಬೆಂಚನ್ನು ಮುಟ್ಟುತ್ತದೆ. ಒಂದು ಸಮಾರಂಭದಲ್ಲಿ ಕುಲಪತಿಗಳು ಪಕ್ಕದವರ ಕಡೆ ಬಾಗಿ, "ಈಯಪ್ಪ ಯಾವಾಗ ಮುಗಿಸ್ತಾನ್ರೀ?" ಎಂದು ಗುಟ್ಟಾಗಿ ಕೇಳಿದ್ದು ಆರುನೂರು ಜನಕ್ಕೂ ಕೇಳಿಸಿತು. ಭಾಷಣಕಾರರಿಗೂ ಕೇಳಿಸಿತು. ಮುಗಿಸಿದರು.

ಇಂಥ ಕಡೆ ಮಾತು ಮರೆತ ನಟನಿಗೆ ಮರೆಯಿಂದ ಮಾತು ಹೇಳಿಕೊಡುವುದು ಹೇಗೆ? ಆ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿಕೊಂಡು ಬಂದವರು ನಮ್ಮ ಪಿಸು ಅಕ್ಕ. ಹಗಲಲ್ಲಿ ಪರೀಕ್ಷಾ ವಿಭಾಗದ ಗುಮಾಸ್ತೆ, ನನ್ನ ಪಕ್ಕದ ಮೇಜು. ಮನೆಯಲ್ಲಿ ಅತ್ತೆಗೆ ಕಿವಿ ಮಂದ, "ಅತ್ತೇ, ಮಾತ್ರೆ ತಗೊಂಡ್ರಾ?" ಎಂದು ಅಕ್ಕ ಕೇಳಿದರೆ ಬೀದಿಯ ಮೂರು ಮನೆಯವರು ಮಾತ್ರೆ ನುಂಗುತ್ತಾರೆ. ಬೆಳಗ್ಗೆ ಹೀಗೆ ಕೂಗಿ ಸವೆದ ಗಂಟಲನ್ನೇ ಸಂಜೆ ಪಿಸುಗುಟ್ಟಲು ತರುತ್ತಿದ್ದರು.

ಪರೀಕ್ಷೆಗಳೂ ಆ ಹಾಲ್‌ನಲ್ಲೇ ನಡೆಯುತ್ತವೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಉತ್ತರಪತ್ರಿಕೆಯ ಕಟ್ಟು ತರಲು ಹೋದ ಅಕ್ಕ, ವೇದಿಕೆಯ ಎಡಬದಿಯ ಕಲ್ಲಿನ ಗೂಡಿನಲ್ಲಿ ಬಗ್ಗಿ, ನಮ್ಮ ಸೂಪರಿಂಟೆಂಡೆಂಟರನ್ನು ತುಟಿಯೊಳಗೇ ಬೈದುಕೊಂಡರಂತೆ. ಹದಿನೈದು ಹೆಜ್ಜೆ ಆಚೆ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ, "ಯಾಕಕ್ಕಾ, ನಾನೇನು ಮಾಡ್ದೆ?" ಎಂದಳು. ಅವಳ ಪಕ್ಕದಲ್ಲೇ ಇದ್ದ ಇನ್ನೊಬ್ಬಳಿಗೆ ಏನೂ ಕೇಳಿಸಿರಲಿಲ್ಲ. ಊಟದ ಹೊತ್ತು ಮೀರಿದರೂ ಬಿಡದೆ ಮೂವರೂ ಅಲ್ಲಿ ನಿಂತು ಇಲ್ಲಿ ನಿಂತು ಹುಡುಕಿದರು. ಗೂಡಿನಲ್ಲಿ ಪಿಸುಗುಟ್ಟಿದ್ದು ಇಡೀ ಹಾಲ್‌ನಲ್ಲಿ ವೇದಿಕೆಯ ನೆಲದ ಒಂದೇ ಒಂದು ಹಲಗೆಯ ಮೇಲೆ ನಿಂತವರಿಗೆ ಕೇಳಿಸುತ್ತದೆ. ಒಂದು ಗೇಣು ಆಚೆ ಸರಿದರೆ ಇಲ್ಲ. ನಾನೂ ನಿಂತು ನೋಡಿದ್ದೇನೆ. ಕಿವಿಯ ಬಳಿ ಯಾರೂ ಇಲ್ಲ, ಮಾತು ಮಾತ್ರ ಇದೆ.

ಅಂದಿನಿಂದ ಮಾತು ಮರೆತವರ ಕಾಲು ತಾನಾಗಿ ಆ ಹಲಗೆಯ ಕಡೆ ಹೋಗುವುದು ರೂಢಿಯಾಯಿತು. ಕಾವಲುಗಾರ, ದೂತ ಮುಂತಾದ ಪಾತ್ರಗಳಲ್ಲಿ ಇದುವರೆಗೆ ಹತ್ತೊಂಬತ್ತು ಮಾತು ಆಡಿರುವ ನಾನೂ ಎಂಟು ಸಲ ಹೋಗಿದ್ದೇನೆ. ವಿಮರ್ಶಕರೊಬ್ಬರು, ಪಾತ್ರಗಳು ಸಂಕಟದ ಗಳಿಗೆಯಲ್ಲಿ ಎಡಕ್ಕೆ ಸರಿಯುವುದರ ಅಂತರಾರ್ಥದ ಬಗ್ಗೆ ನಾಲ್ಕು ಪುಟ ಬರೆದರು.

ಅಕ್ಕನ ನಿಜವಾದ ವಿದ್ಯೆ ಬೇರೆಯೇ ಇತ್ತು. ನಟ ಸುಮ್ಮನಾದಾಗ ಅದು ಬೇಕೆಂದು ಬಿಟ್ಟ ಮೌನವೋ ಮರೆತ ಮೌನವೋ ಅವರಿಗೆ ತಿಳಿಯುತ್ತಿತ್ತು. "ಮುಖ ಎಷ್ಟು ಬೇಕಾದ್ರೂ ನಟಿಸುತ್ತೆ ಕಣೋ. ಮರೆತವನ ಹೆಬ್ಬೆರಳು ಒಳಗೆ ಮಡಚಿಕೊಳ್ಳುತ್ತೆ" ಎನ್ನುತ್ತಿದ್ದರು. ಹೇಳಿಕೊಡುವಾಗ ಪುಸ್ತಕದ ಒಂದಕ್ಷರ ಬದಲಿಸಿದವರಲ್ಲ. "ಬರೆದವರ ಮಾತು. ತಿದ್ದೋಕೆ ನಾನ್ಯಾರು?"

ಆ ಹಲಗೆಯನ್ನು ಒಮ್ಮೆಯೂ ತುಳಿಯದವರೆಂದರೆ ನಾಟಕದ ಮೇಷ್ಟ್ರು. ಮೂವತ್ತು ವರ್ಷ ಅವರೇ ನಿರ್ದೇಶಕರು, ಅವರೇ ನಾಯಕರು. ಒಪ್ಪುವ ಬೇರೆ ನಾಯಕ ಅವರ ಕಣ್ಣಿಗೆ ಬಿದ್ದಿರಲಿಲ್ಲ. ನಿವೃತ್ತಿಯ ವರ್ಷ ಕೊನೆಯ ನಾಟಕಕ್ಕೆ ಆರಿಸಿಕೊಂಡದ್ದು ಕಾಲು ಸ್ವಾಧೀನ ತಪ್ಪಿದ ಮುದಿ ಅಂಬಿಗನ ಪಾತ್ರ. ಮೊದಲಿಂದ ಕೊನೆಯವರೆಗೂ ವೇದಿಕೆಯ ನಟ್ಟನಡುವೆ ಕುರ್ಚಿ. ಕೊನೆಗೆ ಹನ್ನೊಂದು ನಿಮಿಷ ಒಬ್ಬರೇ ಮಾತಾಡಬೇಕು. ಮೂರು ಸಂಜೆಯ ಪ್ರದರ್ಶನ.

ಅಭ್ಯಾಸ ಶುರುವಾಗಿ ವಾರಕ್ಕೆ ಅಕ್ಕ ನನ್ನ ಮೇಜಿಗೆ ಬಾಗಿದರು. "ಮೇಷ್ಟ್ರ ಹೆಬ್ಬೆರಳು ಮಡಚ್ತಿದೆ ಕಣೋ."

ಅವರು ಮೇಷ್ಟ್ರ ಹತ್ತಿರ ಹೊರಟಾಗ ಹಿಂದೆ ನಾನೂ ಹೋದೆ.

"ಸರ್, ಕುರ್ಚಿ ಏಳಡಿ ಎಡಕ್ಕೆ ಹಾಕಿದ್ರೆ..."

"ಎಡಕ್ಕೆ ಯಾಕಮ್ಮ?"

"ಹಲಗೆ ಮೇಲೆ ಬರುತ್ತೆ."

ಮೇಷ್ಟ್ರು ಶಾಲು ಸರಿಮಾಡಿಕೊಂಡರು. "ಅದು ಕಲಿಯೋ ಹುಡುಗರಿಗೆ. ಇಷ್ಟು ವರ್ಷ ಅದರ ಮೇಲೆ ಕಾಲಿಟ್ಟಿಲ್ಲ ನಾನು." ಆಮೇಲೆ ದನಿ ಇಳಿಯಿತು. "ಹೋಗೋ ಹೊತ್ತಲ್ಲಿ ನನ್ನ ಮಾನ ಕಳೀಬೇಡಮ್ಮ."

ಮೊದಲ ಸಂಜೆ ಹಾಲ್ ತುಂಬಿತ್ತು. ನನ್ನ ಎರಡು ಮಾತು ಮುಗಿಸಿ ಬಲಬದಿಯ ಪರದೆಯ ಹಿಂದೆ ನಿಂತಿದ್ದೆ. ಎದುರಿನ ಗೂಡಿನಲ್ಲಿ ಅಕ್ಕ. ಮೇಷ್ಟ್ರ ಹನ್ನೊಂದು ನಿಮಿಷ ಶುರುವಾಯಿತು. ಮೂರನೆಯ ನಿಮಿಷಕ್ಕೆ "ನದಿ ಆವತ್ತು..." ಎಂದು ನಿಂತರು. ನಾನು ಕೈ ನೋಡಿದೆ. ಹೆಬ್ಬೆರಳು ಮಡಚಿತ್ತು.

ಆ ಹಾಲ್ ಮೌನವನ್ನೂ ಕೊನೆಯ ಬೆಂಚಿಗೆ ಮುಟ್ಟಿಸುತ್ತದೆ. ಜನ ಕೆಮ್ಮುವುದನ್ನೂ ಬಿಟ್ಟರು.

ಅಂಬಿಗನ ಮಗಳಾಗಿದ್ದವಳು ರಸಾಯನಶಾಸ್ತ್ರದ ಎರಡನೇ ವರ್ಷದ ಹುಡುಗಿ. ಆ ದೃಶ್ಯದಲ್ಲಿ ಮೂಲೆಯಲ್ಲಿ ಬಲೆ ಮಡಚುವುದಷ್ಟೇ ಅವಳ ಕೆಲಸ, ಮಾತಿಲ್ಲ. ಗಾಬರಿಗೆ ಅವಳ ಕಾಲು ರೂಢಿಯಂತೆ ನಡೆದು ಹಲಗೆಯ ಮೇಲೆ ನಿಂತಿತು. ಅಲ್ಲಿಂದ ಏನು ಲಾಭ? ಮೇಷ್ಟ್ರ ಮಾತನ್ನು ಅವಳಾಡಿದರೆ ಮಾನ ಅಲ್ಲೇ ಹೋಯಿತು.

ಅಕ್ಕ ಪುಸ್ತಕ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ. ತುಟಿ ಅಲುಗಿತು.

"ಅಪ್ಪಾ, ಆವತ್ತು ನದಿ ತುಂಬಿತ್ತಾ?" ಎಂದಳು ಹುಡುಗಿ.

ಇದು ಪುಸ್ತಕದಲ್ಲೇ ಇಲ್ಲ. ಮೇಷ್ಟ್ರು ನಿಧಾನಕ್ಕೆ ಅವಳ ಕಡೆ ತಿರುಗಿದರು. "ತುಂಬಿತ್ತು. ದಡ ಯಾವುದು, ನೀರು ಯಾವುದು, ತಿಳೀತಿರಲಿಲ್ಲ." ದಾರಿ ಸಿಕ್ಕಿತು, ಒಂದು ನಿಮಿಷ ಹರಿಯಿತು, ಮತ್ತೆ ನಿಂತಿತು.

"ದೋಣೀಲಿ ಯಾರ್ಯಾರಿದ್ರು ಅಪ್ಪಾ?"

ಹೀಗೆ ಏಳು ಪ್ರಶ್ನೆ. ಒಂದೊಂದೂ ಆ ಕ್ಷಣದಲ್ಲಿ ಗೂಡಿನಲ್ಲಿ ಹುಟ್ಟಿ, ಹಲಗೆಗೆ ಬಂದು, ಮಗಳ ಬಾಯಲ್ಲಿ ಆರುನೂರು ಜನಕ್ಕೆ ತಲುಪುತ್ತಿತ್ತು. ಕೊನೆಯದು: "ಅಮ್ಮನ ಕೈ ಯಾಕಪ್ಪಾ ಬಿಟ್ಟೆ?" ಮೇಷ್ಟ್ರು ಸುಮ್ಮನಾದರು. ಅಕ್ಕ ಮಾತ್ರ ತುಟಿ ಅಲುಗಿಸಲಿಲ್ಲ, ಕಾದರು. ಹೆಬ್ಬೆರಳು ಮಡಚಿರಲಿಲ್ಲ; ಆ ಮೌನ ಮೇಷ್ಟ್ರು ಬೇಕೆಂದೇ ಬಿಟ್ಟದ್ದು. ಅವರ ಜೀವಮಾನದಲ್ಲೇ ಅಷ್ಟು ದೊಡ್ಡದನ್ನು ಅವರು ಆಡಿರಲಿಲ್ಲ.

ನಾಟಕ ಮುಗಿದದ್ದೇ ಅದೇ ವಿಮರ್ಶಕರು ಓಡಿಬಂದು, ಸ್ವಗತವನ್ನು ಸಂವಾದವಾಗಿಸಿದ ಧೈರ್ಯ ಎಂದು ಮೇಷ್ಟ್ರ ಕೈ ಕುಲುಕಿದರು. ಮೇಷ್ಟ್ರು, "ಬಹಳ ದಿನದಿಂದ ತಲೇಲಿತ್ತು" ಎಂದರು.

ಮರುದಿನ ಮಧ್ಯಾಹ್ನ ನಮ್ಮ ವಿಭಾಗಕ್ಕೆ ಬಂದರು. "ಆ ಪ್ರಶ್ನೆಗಳನ್ನ ಬರೆದುಕೊಡಮ್ಮ, ಪುಸ್ತಕಕ್ಕೆ ಸೇರಿಸಿಬಿಡ್ತೀನಿ."

"ಬರೆದಿಟ್ರೆ ಪ್ರಯೋಜನ ಇಲ್ಲ ಸರ್. ಇವತ್ತು ಎಲ್ಲಿ ಮರೀತೀರೋ ಯಾರಿಗೆ ಗೊತ್ತು?"

ಇಡೀ ವಿಭಾಗದ ಪೆನ್ನುಗಳು ನಿಂತವು. ಅಂಥ ಮಾತನ್ನು ಅವರ ಎದುರು ಯಾರೂ ಆಡಿರಲಿಲ್ಲ. ಮೇಷ್ಟ್ರು ಬೆಂಚಿನ ಮೇಲಿನ ಅಂಕಪಟ್ಟಿಗಳನ್ನು ತಾವೇ ಸರಿಸಿ ಕೂತರು.

"ಕೆಲವು ದಿನ ಮನೆ ದಾರೀನೇ ಹೊಳೆಯಲ್ಲಮ್ಮ," ಎಂದರು. "ಇನ್ನೂ ಎರಡು ಸಂಜೆ ಇದೆ."

"ಇದೆ ಸರ್. ಹುಡುಗೀಗೆ ಹೇಳಿದ್ದೀನಿ, ಇನ್ಮೇಲೆ ಹಲಗೆ ಮೇಲೇ ನಿಂತು ಬಲೆ ಮಡಚು ಅಂತ. ಈಗ ಒಂದ್ಸಲ ಆಡಿಬಿಡಿ, ನನಗೂ ಅಭ್ಯಾಸ ಆಗ್ಲಿ."

ಮೇಷ್ಟ್ರು ಕಣ್ಣು ಮುಚ್ಚಿ ಶುರುಮಾಡಿದರು. ಅಕ್ಕ ಅವರ ಕೈಯನ್ನೇ ನೋಡುತ್ತಾ ಕೂತರು.