ಎರಡು ಸಂತೆಯ ಲೆಕ್ಕ

ನಮ್ಮ ಮೇಸ್ತ್ರಿ ಸರ್ ಅವರ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ಸಿಮೆಂಟು ಕಲಸಿ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಹಳಿಯಾಳದ ನಮ್ಮ ಸಮುದಾಯ ಕಾಲೇಜಿನ ಹಾಜರಿ ಯಂತ್ರ ಅವರನ್ನು ಒಂದು ದಿನವೂ ಗುರುತಿಸಲಿಲ್ಲ. ಪ್ರತಿ ಬೆಳಿಗ್ಗೆ ಹೆಬ್ಬೆರಳನ್ನು ಪ್ಯಾಂಟಿಗೆ ತಿಕ್ಕಿ, ಉಫ್ ಎಂದು ಊದಿ ಒತ್ತುತ್ತಿದ್ದರು. ಯಂತ್ರ ಕೆಂಪು ದೀಪ ತೋರಿಸುತ್ತಿತ್ತು. "ಇದಕ್ಕ ನಾ ಹುಟ್ಟೇ ಇಲ್ಲ ನೋಡ್ರಿ" ಎಂದು ನಕ್ಕು ಗುಮಾಸ್ತನ ಪುಸ್ತಕದಲ್ಲಿ ಸಹಿ ಮಾಡಿ ತರಗತಿಗೆ ಬರುತ್ತಿದ್ದರು.

ಕಟ್ಟಡ ನಿಯಮ ಮತ್ತು ನಿರ್ಮಾಣ ಸುರಕ್ಷತೆ ಎಂಬ ಆ ಒಂದು ವರ್ಷದ ಕೋರ್ಸಿಗೆ ನಾನು ಸೇರಿದ್ದು ಪ್ರೀತಿಯಿಂದಲ್ಲ, ನರ್ಸಿಂಗ್ ಸೀಟು ತಪ್ಪಿದ ಸಿಟ್ಟಿನಿಂದ. ಅಪ್ಪ ದಾಂಡೇಲಿಯಲ್ಲಿ ಗಿರಣಿ ಕೆಲಸಗಾರ. ಮಗಳು ಇಟ್ಟಂಗಿ ಹೊರುವುದನ್ನು ಓದುತ್ತಾಳೆ ಎಂದು ಓಣಿಯವರೆಲ್ಲ ನಗುತ್ತಿದ್ದರು. ಹದಿನಾರು ಮಂದಿಯಲ್ಲಿ ನಾನೊಬ್ಬಳೇ ಹುಡುಗಿ. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಒಬ್ಬ ಇಂಜಿನಿಯರ್ ಬಂದು ನಿಯಮದ ಪುಸ್ತಕ ಓದಿ ಬಸ್ಸು ಹಿಡಿಯುತ್ತಿದ್ದರು. ಅದನ್ನು ನಮ್ಮ ತಲೆಗೆ ಇಳಿಸುವ ಪಾಡು ಮೇಸ್ತ್ರಿ ಸರ್ ಅವರದು. ಅವರು ಓದಿದ್ದು ಏಳನೇ ಇಯತ್ತೆ, ಉಳಿದದ್ದೆಲ್ಲ ಗೌಂಡಿ ಕೆಲಸ. ಹಾಗಾಗಿ ಕಾಗದದ ಮೇಲೆ ಅವರು ಬರಿ ಸಹಾಯಕ. ನಮ್ಮ ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ.

ಹೆಲ್ಮೆಟ್ಟಿನಲ್ಲಿ ಶೇಂಗಾ ಹಾಕಿಕೊಂಡು ತಿನ್ನುವ ನಮ್ಮ ಚಟ ಅವರಿಗೆ ಆಗುತ್ತಿರಲಿಲ್ಲ. "ತಲಿ ಇಡೂ ಜಾಗಾದಾಗ ಶೇಂಗಾ ಇಟ್ಟೀರಿ. ತಲ್ಯಾಗ ಏನ್ ಇಟ್ಟೀರಿ?" ಎನ್ನುತ್ತಿದ್ದರು. ಆದರೆ ಅವರಿಗೆ ನಿಜವಾಗಿ ರಕ್ತ ಕುದಿಯುತ್ತಿದ್ದದ್ದು ಸಂತೆಯ ವಿಷಯಕ್ಕೆ. ಹಸಿ ಸ್ಲ್ಯಾಬನ್ನು ಹೊತ್ತು ನಿಲ್ಲುವ ಹಲಗೆ, ಕಂಬಗಳನ್ನು ನಾವು ಸೆಂಟ್ರಿಂಗ್ ಎನ್ನುತ್ತೇವೆ. ದೊಡ್ಡ ಸ್ಲ್ಯಾಬಾದರೆ ಹದಿನಾಲ್ಕು ದಿನ ಕಂಬ ಮುಟ್ಟಬಾರದು. ನಮ್ಮ ಕಡೆಯ ಗೌಂಡಿಗಳು ದಿನ ಎಣಿಸುವುದಿಲ್ಲ, ಸಂತೆ ಎಣಿಸುತ್ತಾರೆ. ಎರಡು ಸಂತೆ ಕಳೆಯಿತೆಂದರೆ ಹದಿನಾಲ್ಕು ದಿನ ಆಯಿತೆಂದು ಬಿಚ್ಚಲು ನಿಲ್ಲುತ್ತಾರೆ. ಒಂದು ದಿನ ಸರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಹೇಳ ಬೇಟಿ, ಸಂತಿ ಹಿಂದಿನ ದಿನ ಸ್ಲ್ಯಾಬ್ ಹಾಕಿದ್ರ, ಎರಡನೇ ಸಂತಿ ಮರುದಿನಕ್ಕ ಎಷ್ಟ ದಿನ ಆತು?"

"ಹದಿನಾಲ್ಕ್ರೀ ಸರ್."

"ಬೆರಳ ಮಡಚಿ ಎಣಸು."

ಎಣಿಸಿದೆ. ಒಂಬತ್ತು.

"ಉಳದ ಐದ ದಿನ ಎಲ್ಲಿ ಹೋದ್ವು? ಸಂತ್ಯಾಗ ಮಾರಿ ಬಂದ್ಯೇನು?"

ಇಡೀ ತರಗತಿ ನಕ್ಕಿತು. ಎಂಟು ದಿನ ನಾನು ಅವರ ಮುಖ ನೋಡಲಿಲ್ಲ. ಆದರೆ ಆಮೇಲೆ ಆ ಲೆಕ್ಕದಲ್ಲಿ ನಾನು ಎಂದೂ ತಪ್ಪಲಿಲ್ಲ.

ನನಗೆ ಕೆಲಸ ಕೊಡಿಸಿದವರೂ ಅವರೇ. ಹೆಣ್ಣುಮಗಳು ಸೂಪರ್‌ವೈಸರ್ ಆಗುವುದೇ ಎಂದು ಮೂಗು ಮುರಿದ ಗುತ್ತಿಗೆದಾರನ ಎದುರು ಎರಡು ತಾಸು ಕುಳಿತು, "ಒಂದ್ ತಿಂಗಳ ಇಟ್ಟ ನೋಡ್ರಿ, ಆಮ್ಯಾಲ ನೀವ ಬಿಡಂಗಿಲ್ಲ" ಎಂದು ಒಪ್ಪಿಸಿದರು. ಮರುವರ್ಷ ಆ ಕೋರ್ಸಿಗೆ ಮೂರೇ ಅರ್ಜಿ ಬಂದವು, ಕಾಲೇಜು ಅದನ್ನು ಮುಚ್ಚಿತು. ಸರ್ ಮತ್ತೆ ಕರಣೆ ಹಿಡಿದರು. ಮುಂಡಗೋಡದ ಗೌಂಡಿಗಳ ಒಂದು ತಂಡ ಸೇರಿ, ಕೊನೆಗೆ ನನ್ನದೇ ಸೈಟಿಗೆ ಕೂಲಿಗೆ ಬಂದರು. ಎಲ್ಲರೆದುರು ನನ್ನನ್ನು "ಮೇಡಂ" ಎನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೆ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಜೋಯಿಡಾ ದಾರಿಯಲ್ಲಿ ಕಾಳಿ ಹೊಳೆಯ ದಂಡೆಗೆ ಕಟ್ಟುತ್ತಿದ್ದ ಹೋಮ್‌ಸ್ಟೇ ಅದು. ಹೊಳೆಯ ಕಡೆ ಚಾಚಿದ ದೊಡ್ಡ ಬಾಲ್ಕನಿ, ಅದರ ಸ್ಲ್ಯಾಬ್ ಹಾಕಿದ್ದು ಸಂತೆಯ ಹಿಂದಿನ ದಿನ. ಸಾಲು ರಜೆಗೆ ಕೋಣೆಗಳೆಲ್ಲ ಬುಕ್ ಆಗಿದ್ದವು. ಆ ಬೆಳಿಗ್ಗೆ ಗುತ್ತಿಗೆದಾರ ಫೋನ್ ಮಾಡಿ, "ಇವತ್ತ ಬಿಚ್ಚಸ್ರಿ, ಇಲ್ಲಾಂದ್ರ ಬಿಚ್ಚಸೋರನ್ನ ಕಳಸತೇನಿ" ಎಂದ. ತಂಡದ ಮುಖ್ಯ ಗೌಂಡಿಯೂ ಬಂದು, "ಎರಡ ಸಂತಿ ಆತಲ್ರೀ ಮೇಡಂ" ಎಂದ. ರಿಜಿಸ್ಟರ್ ನೋಡುವ ಅಗತ್ಯವೂ ಇರಲಿಲ್ಲ. ಒಂಬತ್ತು ದಿನ. ನಾನು ಪೆನ್ನು ತೆಗೆದು ಅದರಲ್ಲಿ ಹದಿನಾಲ್ಕು ಎಂದು ಬರೆದೆ, ಬಿಚ್ಚಿ ಎಂದೆ.

ಮೇಸ್ತ್ರಿ ಸರ್ ಕರಣೆ ಕೆಳಗಿಟ್ಟು ಬಂದರು. ಆ ಸೈಟಿನಲ್ಲಿ ಮೊದಲ ಸಲ ಮೇಡಂ ಎನ್ನಲಿಲ್ಲ. "ಬೇಟಿ, ಒಂಬತ್ತ ಆಗ್ಯಾವ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತರಗತಿಯ ಆ ನಗೆ ಮತ್ತೆ ಕೇಳಿದಂತಾಗಿ ಮೈ ಉರಿಯಿತು. "ಸರ್, ಇಲ್ಲಿ ಸೂಪರ್‌ವೈಸರ್ ನಾನು" ಎಂದೆ.

"ಹೌದವಾ, ನೀನ ಅದೀ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಉಳಿದವರ ಕಡೆ ತಿರುಗಿ, "ಕೆಳಗಿನ ಹೆಣ್ಣಾಳು ಎಲ್ಲಾರನೂ ದೂರ ಕಳಸ್ರಿ. ಬಿಚ್ಚೂದ ಖರೇ ಆದ್ರ ನಾ ಬಿಚ್ಚತೇನಿ, ಮತ್ತ್ಯಾರೂ ಬರಬ್ಯಾಡ್ರಿ" ಎಂದರು. ಅವರು ಬುತ್ತಿ ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಹೋದರೆ ಬೇರೆ ಯಾರಾದರೂ ಅಡ್ಡಾದಿಡ್ಡಿ ಬಿಚ್ಚುತ್ತಾರೆಂದು ಅವರಿಗೆ ಗೊತ್ತಿತ್ತು. ನಮಗೆ ಕಲಿಸಿದ ಕ್ರಮದಲ್ಲೇ ಹೊರತುದಿಯಿಂದ ಶುರು ಮಾಡಿದರು. ಮೂರನೆಯ ಕಂಬ ಸಡಿಲಿಸುವಾಗ ಬಾಲ್ಕನಿ ಪೂರ್ತಿ ಕೆಳಗೆ ಬಂತು.

ದಾಂಡೇಲಿ ಆಸ್ಪತ್ರೆ ಮುಟ್ಟುವ ಮೊದಲೇ ಸರ್ ಅವರ ಪ್ರಾಣ ಹೋಯಿತು. ಮಣ್ಣಿಗೆ ಗಂಡಸರಷ್ಟೇ ಹೋದರು. ನಾನು ಅವರ ಮನೆಯಲ್ಲಿ ಕುಳಿತೆ. ಅವರ ಹೆಂಡತಿ ನನ್ನ ಕೈ ಹಿಡಿದು ಬಂದವರಿಗೆಲ್ಲ, "ಇಕಿ ಅವರ ಕೈಯಾಗ ಕಲ್ತ ಹುಡುಗಿ, ದೊಡ್ಡ ಸಾಹೇಬ್ಳ ಆಗ್ಯಾಳ" ಎಂದು ಅಳುತ್ತ ಹೇಳುತ್ತಿದ್ದರು. ಕೈ ಬಿಡಿಸಿಕೊಳ್ಳುವ ಧೈರ್ಯವೂ ನನಗಾಗಲಿಲ್ಲ.

ಮೂರನೆಯ ದಿನ ವಿಚಾರಣೆಗೆ ಅಧಿಕಾರಿ ಬಂದರು. ಗುತ್ತಿಗೆದಾರ ನನ್ನ ಪಕ್ಕದಲ್ಲೇ ನಿಂತಿದ್ದ. ರಿಜಿಸ್ಟರಿನಲ್ಲಿ ಹದಿನಾಲ್ಕು ಇತ್ತು, ಅಧಿಕಾರಿ ಅದನ್ನು ನೋಡಿ ತಲೆಯಾಡಿಸಿ ಕೇಳಿದರು: "ಸತ್ತವ್ರಿಗೆ ಸುರಕ್ಷತಾ ತರಬೇತಿ ಆಗಿತ್ತೇನ್ರಿ? ಸರ್ಟಿಫಿಕೇಟ್ ಐತೇನು?"

ಅಲ್ಲಿ ನಿಂತವರಲ್ಲಿ ಸರ್ಟಿಫಿಕೇಟು ಇದ್ದದ್ದು ನನ್ನೊಬ್ಬಳ ಹತ್ತಿರ. "ಇಲ್ರೀ, ಅವರ ಹತ್ರ ಇರಲಿಲ್ಲ" ಎಂದೆ. ಅದು ಸುಳ್ಳಲ್ಲ.

"ತರಬೇತಿಯಿಲ್ಲದ ಕೂಲಿಯಾಳಿನ ಸ್ವಂತ ಅಜಾಗರೂಕತೆ" ಎಂದು ಬರೆದು ಹಾಳೆಯನ್ನು ನನ್ನ ಕಡೆ ಸರಿಸಿದರು. ಸೈಟಿನ ಯಾವ ಕಾಗದಕ್ಕೂ ತಾರೀಖಿಲ್ಲದೆ ಸಹಿ ಹಾಕಬಾರದು ಎಂದು ಮೇಸ್ತ್ರಿ ಸರ್ ನನಗೆ ಕಲಿಸಿದ್ದರು. ಸಹಿ ಹಾಕಿದೆ. ಕೆಳಗೆ ತಾರೀಖನ್ನೂ ಹಾಕಿದೆ.